23 ಕಂತು, ಒಂದೇ ಕೊಲೆ

ಈಗ ಕೋರ್ಟಿನ ಕಥೆ ಇರುವ ವೆಬ್ ಸೀರೀಸ್ ಅಂದರೆ ಸೀಸನ್ನಿಗೆ ಒಂದೇ ಕೇಸು ಅನ್ನುವುದು ಮಾಮೂಲಾಗಿಬಿಟ್ಟಿದೆ. ಮೊದಲ ಕಂತಿನಲ್ಲಿ ಹೆಣ ಬೀಳುತ್ತದೆ, ಕೊನೆಯ ಕಂತಿನಲ್ಲಿ ತೀರ್ಪು ಬರುತ್ತದೆ. ನಡುವೆ ಪೊಲೀಸರು, ವಕೀಲರು, ಜೈಲು, ಆರೋಪಿಯ ಮನೆಯವರ ಗೋಳು. ಬಿಬಿಸಿಯ 2008ರ 'ಕ್ರಿಮಿನಲ್ ಜಸ್ಟಿಸ್' ಹೀಗೇ ಇತ್ತು. ಅದನ್ನೇ ಎಚ್‌ಬಿಒ 2016ರಲ್ಲಿ 'ದಿ ನೈಟ್ ಆಫ್' ಅಂತ ಎಂಟು ಕಂತುಗಳಲ್ಲಿ ತೆಗೆಯಿತು. 2019ರಲ್ಲಿ ಹಿಂದಿಗೂ ಬಂತು. ಪಂಕಜ್ ತ್ರಿಪಾಠಿ ಮಾಡಿದ ಮಾಧವ್ ಮಿಶ್ರಾ ಎಂಬ ವಕೀಲರ ಬಗ್ಗೆ ನಮ್ಮ ಮನೆಯಲ್ಲಿ ನೆಂಟರ ಸುದ್ದಿಯ ಹಾಗೆ ಮಾತು ನಡೆಯುತ್ತದೆ. ಒಂದು ಕೊಲೆಗೆ ಇಷ್ಟು ಹೊತ್ತಾ ಅಂತ ಯಾರೂ ಕೇಳುವುದಿಲ್ಲ. ಇಂಥದ್ದು ನೋಡಿದಾಗಲೆಲ್ಲ ನನಗೆ 'ಮರ್ಡರ್ ಒನ್' ನೆನಪಾಗಿ ಸ್ವಲ್ಪ ಸಂಕಟವಾಗುತ್ತದೆ. ಇದನ್ನೆಲ್ಲ ಅದು 1995ರಲ್ಲೇ ಮಾಡಿತ್ತು. ಅಮೆರಿಕದ ಎಬಿಸಿ ಚಾನೆಲ್ಲಿನಲ್ಲಿ, ವಾರಕ್ಕೊಂದರಂತೆ, ಒಂದೇ ಕೊಲೆ ಕೇಸನ್ನು 23 ಕಂತು ನಡೆಸಿತ್ತು. ವಿಮರ್ಶಕರು ಕೊಂಡಾಡಿದರು. ಎರಡನೇ ಸೀಸನ್ನಿಗೇ ಅಂಗಡಿ ಮುಚ್ಚಿತು. ಎಲ್ಲ ಸೇರಿ 41 ಕಂತು.

ಮಾಡಿದವರಿಗೆ ಅನುಭವ ಇರಲಿಲ್ಲ ಅನ್ನುವ ಹಾಗೂ ಇಲ್ಲ. ಸ್ಟೀವನ್ ಬಾಚ್ಕೊ ಅಂದರೆ ಆ ಕಾಲದ ಅಮೆರಿಕನ್ ಟಿವಿಯಲ್ಲಿ ದೊಡ್ಡ ಹೆಸರು. 1981ರಲ್ಲಿ 'ಹಿಲ್ ಸ್ಟ್ರೀಟ್ ಬ್ಲೂಸ್', 1993ರಲ್ಲಿ 'ಎನ್‌ವೈಪಿಡಿ ಬ್ಲೂ', ಎರಡೂ ಪೊಲೀಸರ ಕಥೆ. ಇವೆರಡರ ನಡುವೆ ವಕೀಲರ ಕಥೆಯಾದ 'ಎಲ್.ಎ. ಲಾ'. ಅದು 1986ರಿಂದ 1994ರವರೆಗೆ ಎಂಟು ಸೀಸನ್ ಓಡಿತು. ಅಂದರೆ ಕೋರ್ಟಿನ ಕಥೆಯನ್ನು ವರ್ಷಗಟ್ಟಲೆ ಓಡಿಸುವುದು ಹೇಗೆ ಅಂತ ಈ ಮನುಷ್ಯನಿಗೆ ಚೆನ್ನಾಗಿಯೇ ಗೊತ್ತಿತ್ತು. ಒಂದು ಕಂತಿಗೆ ಮೂರು ನಾಲ್ಕು ಕೇಸು ಹಾಕು, ಒಂದು ನಗಿಸಲಿ, ಒಂದು ಅಳಿಸಲಿ, ಒಂದು ಮುಂದಿನ ವಾರಕ್ಕೆ ಉಳಿಯಲಿ. ಆ ಸೂತ್ರವನ್ನು ಬೇಕೆಂದೇ ಬಿಟ್ಟು, ಚಾರ್ಲ್ಸ್ ಎಗ್ಲಿ ಮತ್ತು ಚಾನಿಂಗ್ ಗಿಬ್ಸನ್ ಜೊತೆ ಸೇರಿ 'ಮರ್ಡರ್ ಒನ್' ಕಟ್ಟಿದ. ಕಂತುಗಳಿಗೆ ಬೇರೆ ಹೆಸರೂ ಇಡಲಿಲ್ಲ. ಚಾಪ್ಟರ್ ಒನ್, ಚಾಪ್ಟರ್ ಟೂ, ಅಷ್ಟೇ. ಇದು ಕಾದಂಬರಿ, ನಡುವೆ ಎಲ್ಲೋ ಬಂದು ಕೂತರೆ ಅರ್ಥವಾಗುವುದಿಲ್ಲ ಅಂತ ಮೊದಲೇ ಹೇಳಿದ ಹಾಗೆ.

ಕಥೆ ಲಾಸ್ ಏಂಜಲೀಸಿನದ್ದು. ಜೆಸ್ಸಿಕಾ ಕಾಸ್ಟೆಲೊ ಎಂಬ ಹದಿನೈದರ ಹುಡುಗಿಯ ಕೊಲೆಯಾಗುತ್ತದೆ. ಮೊದಲು ಅನುಮಾನ ಬೀಳುವುದು ರಿಚರ್ಡ್ ಕ್ರಾಸ್ ಎಂಬ ಶ್ರೀಮಂತನ ಮೇಲೆ. ಆ ಪಾತ್ರ ಮಾಡಿದ ಸ್ಟ್ಯಾನ್ಲಿ ಟೂಚಿ ಇನ್ನೂ ಅಷ್ಟೊಂದು ಹೆಸರು ಮಾಡಿರದ ಕಾಲ. ನಗುನಗುತ್ತಲೇ ಎದುರಿಗಿದ್ದವರ ಬೆನ್ನಿನಲ್ಲಿ ನಡುಕ ಹುಟ್ಟಿಸುತ್ತಾನೆ. ಅವನ ವಕೀಲ ಟೆಡ್ಡಿ ಹಾಫ್‌ಮನ್. ಕ್ರಾಸ್ ಬಿಡುಗಡೆಯಾದ ಮೇಲೆ ನೀಲ್ ಅವೆಡಾನ್ ಎಂಬ ಸಿನಿಮಾ ನಟ ಸಿಕ್ಕಿಬೀಳುತ್ತಾನೆ. ಕುಡಿತ, ಡ್ರಗ್ಸ್, ಮುದ್ದಾದ ಮುಖ. ಅವನ ಪರವಾಗಿಯೂ ಹಾಫ್‌ಮನ್ ನಿಲ್ಲುತ್ತಾನೆ. ಹಾಫ್‌ಮನ್ ಆಗಿದ್ದು ಡೇನಿಯಲ್ ಬೆಂಜಾಲಿ. ಬೋಳು ತಲೆ, ದಪ್ಪ ಮೈ, ಪಿಸುಮಾತಿಗಿಂತ ಒಂಚೂರು ಮೇಲಿನ ದನಿ. ಲಂಡನ್ನಿನ ರಂಗಭೂಮಿಯಲ್ಲಿ ಹಾಡುತ್ತಿದ್ದ ನಟ, 'ಎನ್‌ವೈಪಿಡಿ ಬ್ಲೂ'ದಲ್ಲಿ ವಕೀಲನ ಸಣ್ಣ ಪಾತ್ರ ಮಾಡಿದ್ದ. ಇಂಥವನನ್ನು ನಾಯಕನಾಗಿ ಕೂರಿಸುವುದಕ್ಕೇ ಧೈರ್ಯ ಬೇಕಿತ್ತು. ಇವನು ಕೂಗುವುದಿಲ್ಲ, ಮೇಜು ಗುದ್ದುವುದಿಲ್ಲ. ಸಾಕ್ಷಿಯ ಎದುರು ನಿಂತು ಸುಮ್ನೆ ನೋಡುತ್ತಾನೆ. ಆ ನೋಟಕ್ಕೇ ಸಾಕ್ಷಿ ಬೆವರುತ್ತಾನೆ.

ನಾನು ಇದನ್ನು ಟಿವಿಯಲ್ಲಿ ನೋಡಿದವನಲ್ಲ. ಕಂಪನಿ ಕೆಲಸಕ್ಕೆಂದು ಅಮೆರಿಕದಲ್ಲಿದ್ದಾಗ ಊರಿನ ಪಬ್ಲಿಕ್ ಲೈಬ್ರರಿಯಲ್ಲಿ ಮೊದಲ ಸೀಸನ್ನಿನ ಡಿವಿಡಿ ಪೆಟ್ಟಿಗೆ ಸಿಕ್ಕಿತು. ಹೊರಗೆ ಹಿಮ, ಕಾರು ತೆಗೆಯುವ ಹಾಗಿಲ್ಲ. ರೂಮಿನಲ್ಲಿ ಜೊತೆಗಿದ್ದವನು ದಾವಣಗೆರೆಯ ಹುಡುಗ, ಇಂಗ್ಲಿಷ್ ಧಾರಾವಾಹಿ ಅಂದರೆ ಆಕಳಿಸುವವನು. ಮೊದಲ ಕಂತಿಗೆ ಅನ್ನದ ತಟ್ಟೆ ಹಿಡಿದು ಸುಮ್ನೆ ಬಂದು ಕೂತ. ಮುಗಿದಾಗ ತಟ್ಟೆ ಒಣಗಿತ್ತು. "ಲೇ, ಇನ್ನೊಂದು ಹಾಕಲೇ" ಅಂದ. ಹಾಕಿದೆ. ಆಮೇಲೆ ಅವನು ಹೇಳುವುದೂ ನಿಂತಿತು, ಒಂದು ಮುಗಿದರೆ ರಿಮೋಟ್ ಅವನ ಕೈಯಲ್ಲೇ ಇರುತ್ತಿತ್ತು. ಪ್ರತಿ ಕಂತಿನ ಮೊದಲಿಗೆ 'ಇಲ್ಲಿಯವರೆಗೆ' ಅಂತ ಹಿಂದಿನ ಕಥೆಯ ತುಣುಕುಗಳು ಬರುತ್ತಿದ್ದವು. ಅದನ್ನು ಇಬ್ಬರೂ ಬೈದುಕೊಂಡು ಓಡಿಸುತ್ತಿದ್ದೆವು. ಐದು ನಿಮಿಷದ ಹಿಂದೆ ನೋಡಿದ್ದನ್ನೇ ಮತ್ತೆ ಯಾಕೆ ತೋರಿಸುತ್ತಾರೆ? ಆ ತುಣುಕುಗಳು ಯಾರಿಗೆ ಬೇಕಿದ್ದವು ಅನ್ನುವುದು ನನಗೆ ಹೊಳೆದದ್ದು ಎಷ್ಟೋ ಆಮೇಲೆ. ಈ ಧಾರಾವಾಹಿಯ ಪ್ರಾಣ ಇದ್ದದ್ದೇ ಅಲ್ಲಿ.

ಎಲ್ಲರೂ ಹೇಳುವ ಎರಡು ಕಾರಣ

'ಮರ್ಡರ್ ಒನ್' ಯಾಕೆ ಸೋತಿತು ಅಂತ ಕೇಳಿದರೆ ಬರುವ ಮೊದಲ ಉತ್ತರ ಓ.ಜೆ. ಸಿಂಪ್ಸನ್, ಮಾಜಿ ಹೆಂಡತಿಯನ್ನೂ ಅವಳ ಸ್ನೇಹಿತನನ್ನೂ ಕೊಂದ ಆರೋಪ ಹೊತ್ತಿದ್ದ ಹೆಸರಾಂತ ಫುಟ್‌ಬಾಲ್ ಆಟಗಾರ. ಮೊದಲ ಕಂತು ಬಂದದ್ದು 1995ರ ಸೆಪ್ಟೆಂಬರ್ 19ಕ್ಕೆ. ಸಿಂಪ್ಸನ್ ತೀರ್ಪು ಬಂದದ್ದು ಅಕ್ಟೋಬರ್ 3ಕ್ಕೆ. ಸರಿಯಾಗಿ ಎರಡು ವಾರ. ಅಲ್ಲೂ ಲಾಸ್ ಏಂಜಲೀಸ್, ಅಲ್ಲೂ ಹೆಸರಾಂತ ಆರೋಪಿ, ಅಲ್ಲೂ ದುಬಾರಿ ವಕೀಲರು. ಜನವರಿಯಿಂದ ಇಡೀ ದೇಶ ಆ ವಿಚಾರಣೆಯನ್ನು ಟಿವಿಯಲ್ಲಿ ನೇರವಾಗಿ ನೋಡಿತ್ತು. ಜೂನ್ ತಿಂಗಳಲ್ಲಿ ಸಿಂಪ್ಸನ್ ಸಾಕ್ಷ್ಯವಾಗಿದ್ದ ಚರ್ಮದ ಗ್ಲೌಸನ್ನು ಕೈಗೆ ಏರಿಸಲು ಒದ್ದಾಡಿದ್ದನ್ನು ಯಾವ ಚಿತ್ರಕಥೆಗಾರ ಬರೆಯಬಲ್ಲ? ಒಂಬತ್ತು ತಿಂಗಳ ವಿಚಾರಣೆ, ಜ್ಯೂರಿ, ಅಂದರೆ ತಪ್ಪಿತಸ್ಥನೋ ಅಲ್ಲವೋ ಅಂತ ಹೇಳಲು ಆರಿಸಿದ ಸಾಮಾನ್ಯ ಜನರ ಗುಂಪು, ನಾಲ್ಕು ಗಂಟೆಯೊಳಗೆ ತೀರ್ಮಾನಿಸಿತು. ಅಷ್ಟೆಲ್ಲ ಆದಮೇಲೆ ಜನರಿಗೆ ಕೋರ್ಟ್ ಅಂದರೆ ಸಾಕುಸಾಕಾಗಿತ್ತು, ಆ ಹೊತ್ತಿಗೆ ಬಂದ ಕಟ್ಟುಕಥೆಗೆ ಜಾಗ ಇರಲಿಲ್ಲ, ಅನ್ನುವುದು ವಾದ.

ಇದರಲ್ಲಿ ಸ್ವಲ್ಪ ನಿಜ ಇದೆ. ನಿಜವಾದ ಕೋರ್ಟು ಮನರಂಜನೆಯಾಗಿಬಿಟ್ಟರೆ ಕಥೆಯ ಕೋರ್ಟು ಪೇಲವವಾಗಿ ಕಾಣುತ್ತದೆ. ಇದು ನಮಗೂ ಗೊತ್ತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಯೂಟ್ಯೂಬಿನಲ್ಲಿ ಕಲಾಪದ ನೇರ ಪ್ರಸಾರ ಶುರು ಮಾಡಿದ ಮೇಲೆ, ಕೋರ್ಟಿನ ಮೆಟ್ಟಿಲು ಹತ್ತದವರೂ ನ್ಯಾಯಮೂರ್ತಿಗಳು ವಕೀಲರನ್ನು ತರಾಟೆಗೆ ತೆಗೆದುಕೊಳ್ಳುವ ತುಣುಕುಗಳನ್ನು ವಾಟ್ಸಾಪಿನಲ್ಲಿ ಹಂಚಿಕೊಂಡು ನಕ್ಕರು. ನಾನೂ ನಕ್ಕಿದ್ದೇನೆ. ಆದರೆ ಸಿಂಪ್ಸನ್ ಕೇಸನ್ನು ಇನ್ನೊಂದು ಕಡೆಯಿಂದ ನೋಡಿ. ಒಂದೇ ಕೇಸು, ಒಂದೇ ಆರೋಪಿ, ಒಂಬತ್ತು ತಿಂಗಳು. ಡಿಎನ್‌ಎ ತಜ್ಞರ ನಿದ್ದೆ ಬರಿಸುವ ಸಾಕ್ಷ್ಯ ಕೂಡ ಅದರಲ್ಲಿತ್ತು. ಅದನ್ನು ಅಮೆರಿಕ ಬಿಡದೆ ನೋಡಿತು. ಹಾಗಾದರೆ ಒಂದೇ ಕೇಸನ್ನು ಹಿಂಬಾಲಿಸುವ ತಾಳ್ಮೆ ಜನರಿಗೆ ಇರಲಿಲ್ಲ ಅನ್ನುವ ಮಾತು ಬಿದ್ದುಹೋಯಿತು, ಅಲ್ವಾ? ತಾಳ್ಮೆ ಇತ್ತು. ಆದರೆ ಸಿಂಪ್ಸನ್ ಕೇಸು ದಿನಾ ನಡೆಯುತ್ತಿತ್ತು. ಸಂಜೆಯ ಸುದ್ದಿಯಲ್ಲಿ ಅವತ್ತಿನದ್ದನ್ನು ಮತ್ತೆ ಹೇಳುತ್ತಿದ್ದರು. ರಾತ್ರಿ ನಾಲ್ಕು ಜನ ಕೂತು ಅದನ್ನೇ ಚರ್ಚಿಸುತ್ತಿದ್ದರು. ಮರೆಯಬೇಕೆಂದರೂ ಮರೆಯುವ ಹಾಗಿರಲಿಲ್ಲ.

ಎರಡನೇ ಉತ್ತರ 'ಇ.ಆರ್.' ಎಂಬ ಆಸ್ಪತ್ರೆಯ ಧಾರಾವಾಹಿ. ಮೊದಲ ಮೂರು ವಾರ ಮಂಗಳವಾರ ರಾತ್ರಿ ಹತ್ತಕ್ಕೆ ತೋರಿಸಿದ ಎಬಿಸಿ, ಆಮೇಲೆ 'ಮರ್ಡರ್ ಒನ್' ಅನ್ನು ಗುರುವಾರ ಹತ್ತು ಗಂಟೆಗೆ ತಳ್ಳಿತು. ಅದೇ ಹೊತ್ತಿಗೆ ಪಕ್ಕದ ಎನ್‌ಬಿಸಿಯಲ್ಲಿ 'ಇ.ಆರ್.' ಬರುತ್ತಿತ್ತು. ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಜನ ನೋಡಿದ ಧಾರಾವಾಹಿ ಅದು. ಎಬಿಸಿಯ ಲೆಕ್ಕಾಚಾರ ಏನಿತ್ತೋ ಏನೋ, ನನಗಂತೂ ಇದು ಹೊಸ ಅಂಗಡಿಯನ್ನು ಜಾತ್ರೆಯ ದಿನ ತೇರಿನ ಎದುರಿಗೇ ಹಾಕಿದಂತೆ ಕಾಣುತ್ತದೆ. ನಷ್ಟ ಕಂಡು ನಡುವೆ ಕೆಲವು ವಾರ ನಿಲ್ಲಿಸಿದರು. 1996ರ ಜನವರಿ 8ರಿಂದ ಸೋಮವಾರಕ್ಕೆ ತಂದರು. ಮಂಗಳವಾರ, ಗುರುವಾರ, ಖಾಲಿ, ಸೋಮವಾರ. ನಾಲ್ಕು ತಿಂಗಳೊಳಗೆ ಇಷ್ಟು.

ಬೇರೆ ಧಾರಾವಾಹಿಯಾಗಿದ್ದರೆ ಇದನ್ನು ತಡೆದುಕೊಳ್ಳುತ್ತಿತ್ತು. 'ಲಾ ಆಂಡ್ ಆರ್ಡರ್' 1990ರಲ್ಲಿ ಶುರುವಾದದ್ದು. ಅರ್ಧ ಗಂಟೆ ಪೊಲೀಸು, ಅರ್ಧ ಗಂಟೆ ಕೋರ್ಟು, ಗಂಟೆ ಮುಗಿಯುವಷ್ಟರಲ್ಲಿ ಕೇಸೂ ಮುಗಿಯುತ್ತದೆ. ಎರಡು ವಾರ ತಪ್ಪಿಸಿಕೊಂಡು ಮೂರನೇ ವಾರ ಬಂದು ಕೂತರೂ ನಷ್ಟವಿಲ್ಲ. ಹಳೆಯ ಕಂತುಗಳನ್ನು ಹೇಗೆ ಬೇಕಾದರೂ ಕಲಸಿ ಮರುಪ್ರಸಾರ ಮಾಡಬಹುದು, ದುಡ್ಡು ಇರುವುದೇ ಅದರಲ್ಲಿ. 2010ರವರೆಗೆ 456 ಕಂತು ಬಂತು. 'ಮರ್ಡರ್ ಒನ್'ಗೆ ಆ ಅನುಕೂಲ ಇಲ್ಲ. ಹನ್ನೊಂದನೇ ಕಂತನ್ನು ಒಂದು ಭಾನುವಾರ ಮಧ್ಯಾಹ್ನ ಬಿಡಿಯಾಗಿ ತೋರಿಸಿದರೆ ಯಾರಿಗೂ ತಲೆಬುಡ ತಿಳಿಯುವುದಿಲ್ಲ. ಹೊಸಬರು ನಡುವೆ ಸೇರಿಕೊಳ್ಳುವಂತಿಲ್ಲ, ಇದ್ದವರು ಮಾತ್ರ ಬಿಟ್ಟುಹೋಗಬಹುದು. ಹಾಗಾಗಿ ನೋಡುಗರ ಸಂಖ್ಯೆ ಒಂದೇ ದಿಕ್ಕಿಗೆ ಹೋಗುತ್ತದೆ.

ವಾಯಿದೆಯಿಂದ ವಾಯಿದೆಗೆ

ಹುಡುಗನಾಗಿದ್ದಾಗ ಚಿಕ್ಕಪ್ಪನ ಜೊತೆ ತಾಲ್ಲೂಕು ಕೋರ್ಟಿಗೆ ಹೋಗುತ್ತಿದ್ದೆ. ಜಮೀನಿನ ಪಾಲಿನ ದಾವೆ. ಯಾರ ತಪ್ಪು ಯಾರ ಸರಿ ಅನ್ನುವುದು ಇಲ್ಲಿ ಬೇಡ, ಅದರ ಬಗ್ಗೆ ಮನೆಯಲ್ಲಿ ಇವತ್ತಿಗೂ ಒಮ್ಮತ ಇಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಹೊಂಗೆ ಮರದ ಕೆಳಗೆ ಕೂರುವುದು. ಟೈಪಿಸ್ಟುಗಳ ಟಕಟಕ. ಛಾಪಾ ಕಾಗದ ಮಾರುವವರ ಹತ್ತಿರ ಸಾಲು. ವಕೀಲರ ಗುಮಾಸ್ತ ಬಂದು "ಇವತ್ತು ಕೂಗಿಸ್ತಾರೆ, ಎಲ್ಲೂ ಹೋಗಬೇಡಿ" ಅನ್ನುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಜವಾನ ಬಾಗಿಲಿಗೆ ಬಂದು ಹೆಸರು ಮೂರು ಸಲ ಕೂಗುತ್ತಿದ್ದ. ಚಿಕ್ಕಪ್ಪ ಪಂಚೆ ಸರಿಮಾಡಿಕೊಂಡು ಒಳಗೆ ಓಡುತ್ತಿದ್ದರು. ನಾನು ಬಾಗಿಲ ಹತ್ತಿರ ನಿಂತು ಇಣುಕುತ್ತಿದ್ದೆ. ಎರಡು ನಿಮಿಷದಲ್ಲಿ ಹೊರಗೆ ಬರುತ್ತಿದ್ದರು. ಮತ್ತೆ ವಾಯಿದೆ.

ನನಗೆ ಆಶ್ಚರ್ಯ ಆಗುತ್ತಿದ್ದದ್ದು ಅವರು ಬೇಜಾರು ಮಾಡಿಕೊಳ್ಳದೆ ಇದ್ದದ್ದು. ಹೋಟೆಲಿನಲ್ಲಿ ಕೂತು ಖಾಲಿ ದೋಸೆ ತಿನ್ನುತ್ತಾ ಹಿಂದಿನ ವಾಯಿದೆಗಳ ಕಥೆ ತೆಗೆಯುತ್ತಿದ್ದರು. ಎದುರು ಪಾರ್ಟಿಯ ಸಾಕ್ಷಿಯನ್ನು ನಮ್ಮ ವಕೀಲರು ಯಾವಾಗಲೋ ಪಾಟೀಸವಾಲು ಮಾಡಿದ್ದರು. ಅವನು ಏನಂದ, ಅನ್ನುವಾಗ ಎಲ್ಲಿ ತಡವರಿಸಿದ, ಎಲ್ಲವೂ ಇವರಿಗೆ ಬಾಯಿಪಾಠ. "ಬಾವಿ ತೋಡಿದ್ದು ಅಪ್ಪ ಹೋದ್ಮೇಲೆ ಅಂದುಬಿಟ್ಟ ಕಣೋ ಅವನು. ಆವತ್ತಿಂದ ನೋಡು, ಅವರ ಲಾಯರು ಬಾವಿ ಮಾತೇ ಎತ್ತಲ್ಲ" ಅಂತ ನನಗೆ ಹೇಳಿ ನಗುತ್ತಿದ್ದರು. ತಿಂಗಳುಗಳ ನಡುವೆ ಹರಿದು ಹಂಚಿಹೋಗಿದ್ದ ಆ ಕೇಸು ಅವರ ತಲೆಯಲ್ಲಿ ಮಾತ್ರ ಒಂದೇ ಎಳೆಯಾಗಿ ಇತ್ತು. ಯಾಕೆಂದರೆ ಜಮೀನು ಅವರದ್ದು. ನಾನು ಜೊತೆಗೆ ಹೋಗುತ್ತಿದ್ದವನು. ನನಗೆ ಬಾವಿಯೂ ನೆನಪಿರುತ್ತಿರಲಿಲ್ಲ, ಸಾಕ್ಷಿಯ ಮುಖವೂ ನೆನಪಿರುತ್ತಿರಲಿಲ್ಲ. ಪ್ರತಿ ಸಲ ಅವರು ಮತ್ತೆ ಮೊದಲಿಂದ ಹೇಳಬೇಕಿತ್ತು.

'ಮರ್ಡರ್ ಒನ್' ತನ್ನ ನೋಡುಗರು ಚಿಕ್ಕಪ್ಪನ ಹಾಗೆ ಇರಲಿ ಅಂತ ಬಯಸಿತು. ಅವರೆಲ್ಲ ನನ್ನ ಹಾಗೆ ಇದ್ದರು. ನಾಲ್ಕನೇ ವಾರದಲ್ಲಿ ಒಬ್ಬ ಆಡಿದ ಅರೆಸುಳ್ಳು ಹದಿನೈದನೇ ವಾರದಲ್ಲಿ ಪಾಟೀಸವಾಲಿಗೆ ಬರುತ್ತದೆ. ಅದನ್ನು ಒಂದೇ ವಾರಾಂತ್ಯದಲ್ಲಿ ನೋಡಿದ ನಮಗೆ ಆ ಕ್ಷಣ ರೋಮಾಂಚನ. ದಾವಣಗೆರೆಯವನು ಹಾಸಿಗೆಯಿಂದ ಎದ್ದೇಬಿಟ್ಟಿದ್ದ. ಆದರೆ ನಡುವೆ ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್ಸು, ದಿನದ ಬದಲಾವಣೆ ಎಲ್ಲ ಕಳೆದು ಬಂದ 1996ರ ನೋಡುಗನಿಗೆ ಅವನು ಯಾರು ಅನ್ನುವುದೇ ಮರೆತಿರುತ್ತದೆ. ತಪ್ಪಿಹೋದ ಕಂತನ್ನು ಹುಡುಕಿ ನೋಡಲು ಆಗ ದಾರಿ ಇರಲಿಲ್ಲ. ವಿಸಿಆರ್‌ನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನಾವು ಬೈದು ಓಡಿಸುತ್ತಿದ್ದ ಆ 'ಇಲ್ಲಿಯವರೆಗೆ' ತುಣುಕೇ ಅವರಿಗಿದ್ದ ಏಕೈಕ ಆಸರೆ.

ಇಲ್ಲಿ ನಮ್ಮ ಧಾರಾವಾಹಿಗಳ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಕೋರ್ಟಿನ ದೃಶ್ಯ ಅಂದರೆ ಟಿ.ಎನ್. ಸೀತಾರಾಮ್. ಕರಿಕೋಟು ಹಾಕಿಕೊಂಡು ಅವರೇ ಮಾಡುತ್ತಿದ್ದ ವಕೀಲ ಸಿ.ಎಸ್.ಪಿ. ಎದ್ದು ನಿಂತರೆ ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದುಕೊಂಡೇ ಹಾಲಿಗೆ ಬರುತ್ತಿದ್ದರು. ಅಲ್ಲಿಯೂ ಒಂದೇ ಕೇಸು ದಿನಗಟ್ಟಲೆ ನಡೆಯುತ್ತಿತ್ತು. ಒಂದೇ ಸಾಕ್ಷಿಯ ಪಾಟೀಸವಾಲು ಇವತ್ತು ಅರ್ಧ, ನಾಳೆ ಅರ್ಧ. ಯಾರೂ ಗೊಣಗಲಿಲ್ಲ. ಯಾಕೆಂದರೆ ಉಳಿದರ್ಧ ನಾಳೆ ಸಂಜೆಯೇ ಬರುತ್ತದೆ. ಕಾಯುವುದು ಒಂದು ರಾತ್ರಿ ಮಾತ್ರ, ಮತ್ತೆ ಬೆಳಿಗ್ಗೆ ಹಾಲಿನವರ ಹತ್ತಿರ, ಬಸ್ಸಿನಲ್ಲಿ ಅದರ ಚರ್ಚೆ. ಎಳೆದಾಟ ಅನ್ನುವುದು ನಮ್ಮ ದಿನದ ಧಾರಾವಾಹಿಗೆ ಒಗ್ಗುತ್ತದೆ. ವಾರಕ್ಕೊಂದು ದಿನ ಬರುವ, ಅದೂ ಬರುತ್ತದೋ ಇಲ್ಲವೋ ಅನ್ನುವ ಧಾರಾವಾಹಿಗೆ ಅದು ಒಗ್ಗುವುದು ಕಷ್ಟ. ಬಾಚ್ಕೊ ಮಾಡಿದ್ದು ದಿನದ ಧಾರಾವಾಹಿಯ ಉದ್ದದ ಕಥೆಯನ್ನು ವಾರದ ಧಾರಾವಾಹಿಯ ಜಾಗದಲ್ಲಿ ಇಟ್ಟದ್ದು. ಇನ್ನೊಂದು ತೊಡಕೂ ಇತ್ತು. ಸೆಪ್ಟೆಂಬರಿನಿಂದ ಮೇವರೆಗೆ ತುಂಬಬೇಕಾದ್ದರಿಂದ 23 ಕಂತು ಬೇಕೇಬೇಕು. ಕೊಲೆಯ ಕಥೆ ಅಷ್ಟಕ್ಕೆ ಸಾಲುವುದಿಲ್ಲ. ಹಾಗಾಗಿ ಹಾಫ್‌ಮನ್ನನ ಕಿರಿಯ ವಕೀಲರಿಗೆ ಚಿಲ್ಲರೆ ಕೇಸುಗಳನ್ನು ಕೊಟ್ಟು ಪ್ರತಿ ವಾರ ಹತ್ತಿಪ್ಪತ್ತು ನಿಮಿಷ ತುಂಬಿಸಿದರು. ಅವುಗಳಲ್ಲಿ ಒಂದೂ ನನಗೆ ಈಗ ನೆನಪಿಲ್ಲ. ಇದೇ ಕಥೆಯನ್ನು ಈಗಿನವರು ಎಂಟು ಕಂತಿಗೆ ಮುಗಿಸುತ್ತಿದ್ದರು, ಇನ್ನೂ ಬಿಗಿಯಾಗಿ ಇರುತ್ತಿತ್ತು.

ಔಷಧಿ

ಮೊದಲ ಸೀಸನ್ ಮುಗಿದಾಗ ನಿಲ್ಲಿಸಿಬಿಟ್ಟಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಎಬಿಸಿ ಇನ್ನೊಂದು ಅವಕಾಶ ಕೊಟ್ಟಿತು. ಕೊಟ್ಟು, ಸರಿಮಾಡಲು ಹೊರಟಿತು. ಬೆಂಜಾಲಿಯನ್ನೇ ತೆಗೆದರು. ಹಾಫ್‌ಮನ್ ಸಂಸಾರ ಸರಿಮಾಡಿಕೊಳ್ಳಲು ವಕೀಲಿ ಬಿಟ್ಟುಹೋದ ಅಂತ ಒಂದು ನೆಪ. ಅವನ ಕುರ್ಚಿಗೆ ಆಂಥನಿ ಲಾಪಾಲಿಯಾ ಬಂದ. ಜಿಮ್ಮಿ ವೈಲರ್ ಎಂಬ ಪಾತ್ರ, ಹಿಂದೆ ಸರ್ಕಾರಿ ವಕೀಲನಾಗಿದ್ದವನು. ಒಳ್ಳೆಯ ನಟ, ತಲೆತುಂಬ ಕೂದಲು, ಸ್ವಲ್ಪ ಗಟ್ಟಿ ದನಿ. 23 ವಾರ ಒಂದೇ ಕೇಸು ಅನ್ನುವುದು ಹೋಗಿ, 18 ಕಂತಿಗೆ ಮೂರು ಕೇಸು ಅಂತಾಯಿತು. ಕ್ಯಾಲಿಫೋರ್ನಿಯಾದ ಗವರ್ನರ್ ಕೊಲೆ ಒಂದು, ಬಾಸ್ಕೆಟ್‌ಬಾಲ್ ಆಟಗಾರನ ಕೇಸು ಒಂದು, ಆಮೇಲೆ ಸರಣಿ ಕೊಲೆಗಾರನೊಬ್ಬನದ್ದು. ಪ್ರಸಾರ ಮತ್ತೆ ಗುರುವಾರವೇ. ಈ ಸಲ ಒಂಬತ್ತು ಗಂಟೆಗೆ, ಅಂದರೆ ಆಗ ಭಾರಿ ಜನಪ್ರಿಯವಾಗಿದ್ದ ಹಾಸ್ಯ ಧಾರಾವಾಹಿ 'ಸೈನ್‌ಫೆಲ್ಡ್' ಎದುರಿಗೆ. ಒಂದು ಬೆಟ್ಟದ ಕೆಳಗಿಂದ ಎಬ್ಬಿಸಿ ಇನ್ನೊಂದು ಬೆಟ್ಟದ ಕೆಳಗೆ ಕೂರಿಸಿದರು.

ಇದರ ಫಲ ಏನಾಯಿತು ಅಂದರೆ, ಮೊದಲ ಸೀಸನ್ ಇಷ್ಟಪಟ್ಟವರಿಗೆ ಇಷ್ಟಪಟ್ಟದ್ದು ಏನೂ ಉಳಿದಿರಲಿಲ್ಲ. ಇಷ್ಟಪಡದವರಿಗೆ ಬೇರೆ ಎಷ್ಟೋ ಕೋರ್ಟ್ ಧಾರಾವಾಹಿ ಇದ್ದವು. ಕೊನೆಯ ಕೇಸನ್ನು 1997ರ ಮೇ ತಿಂಗಳಲ್ಲಿ ಒಟ್ಟೊಟ್ಟಿಗೆ ತೋರಿಸಿ ಕೈತೊಳೆದುಕೊಂಡರು. ತಮಾಷೆ ಅಂದರೆ ಆ ಕೇಸೇ ಆ ಸೀಸನ್ನಿನಲ್ಲಿ ಚೆನ್ನಾಗಿರುವುದು. ಕ್ಲಿಫರ್ಡ್ ಬ್ಯಾಂಕ್ಸ್ ಎಂಬ ಕೊಲೆಗಾರನ ಪಾತ್ರ ಮಾಡಿದ ಪ್ರೂಯಿಟ್ ಟೇಲರ್ ವಿನ್ಸ್‌ಗೆ ಆ ವರ್ಷ ಎಮ್ಮಿ ಪ್ರಶಸ್ತಿಯೂ ಬಂತು. ಇನ್ನೊಂದು ತಮಾಷೆ: ಅದೇ 1997ರ ಮಾರ್ಚಿನಲ್ಲಿ ಅದೇ ಎಬಿಸಿಯಲ್ಲಿ 'ದಿ ಪ್ರಾಕ್ಟೀಸ್' ಶುರುವಾಯಿತು. ಮಾಡಿದವನು ಡೇವಿಡ್ ಇ. ಕೆಲ್ಲಿ. ವಕೀಲಿ ಮಾಡುತ್ತಿದ್ದ ಅವನನ್ನು 'ಎಲ್.ಎ. ಲಾ'ಗೆ ಬರೆಯಲು ಟಿವಿಗೆ ಕರೆತಂದದ್ದೇ ಬಾಚ್ಕೊ. ಒಂದು ಕಂತಿಗೆ ಹಲವು ಕೇಸು, ಕೆಲವು ಅಲ್ಲೇ ಮುಗಿಯುವಂಥವು. ಎಂಟು ಸೀಸನ್, 168 ಕಂತು. ಗುರುವಿನ ಹಳೆಯ ಸೂತ್ರವನ್ನು ಶಿಷ್ಯ ಬಿಡಲಿಲ್ಲ.

ಟೇಪು

ಇಲ್ಲಿಯವರೆಗೆ ಹೇಳಿದ್ದೆಲ್ಲ ಚಾನೆಲ್ಲಿನ ತಪ್ಪು, ಕಾಲದ ತಪ್ಪು. ಇನ್ನು ಧಾರಾವಾಹಿಯ ಒಳಗಿನ ತಪ್ಪಿಗೆ ಬರುತ್ತೇನೆ. ಇದನ್ನು ಹೆಚ್ಚು ಜನ ಹೇಳುವುದಿಲ್ಲ, ಅಭಿಮಾನಿಗಳಂತೂ ಬಾಯಿ ಬಿಡುವುದಿಲ್ಲ. ನೋಡದೆ ಇರುವವರು, ಮುಂದೆ ನೋಡುವ ಆಸೆ ಇರುವವರು ಇಲ್ಲಿಗೇ ನಿಲ್ಲಿಸಿ. ಕೊಲೆ ಮಾಡಿದ್ದು ಯಾರು ಅಂತ ಹೇಳದೆ ಇದನ್ನು ಬರೆಯಲು ಬರುವುದಿಲ್ಲ.

'ಮರ್ಡರ್ ಒನ್' ಮೊದಲ ಸೀಸನ್ನಿನ ದೊಡ್ಡ ಗುಣ ಅದು ಕೋರ್ಟನ್ನು ಗಂಭೀರವಾಗಿ ತೆಗೆದುಕೊಂಡದ್ದು. ಜ್ಯೂರಿ ಆರಿಸುವುದಕ್ಕೇ ಸಾಕಷ್ಟು ಹೊತ್ತು ಕೊಡುತ್ತದೆ. ನಮ್ಮಲ್ಲಿ ಜ್ಯೂರಿ ಪದ್ಧತಿ ಹೋಗಿ ಎಷ್ಟೋ ಕಾಲವಾಯಿತು, ಆದ್ದರಿಂದ ನನಗೆ ಅದೇ ಹೊಸ ಲೋಕ. ಯಾರನ್ನು ಬೇಡ ಅನ್ನಬೇಕು, ಯಾರ ಮುಖದಲ್ಲಿ ಕರುಣೆ ಇದೆ, ಯಾರು ಸಿನಿಮಾ ನಟರನ್ನು ಕಂಡರೆ ಉರಿದುಬೀಳುತ್ತಾರೆ. ಯಾವ ಸಾಕ್ಷ್ಯ ಒಳಗೆ ಬರಬೇಕು, ಯಾವುದು ಬರಬಾರದು ಅಂತ ನ್ಯಾಯಾಧೀಶರ ಮುಂದೆ ನಡೆಯುವ ಜಗಳ. ಸರ್ಕಾರದ ಪರ ವಕೀಲೆ ಮಿರಿಯಮ್ ಗ್ರಾಸ್ಸೊ ಕೆಟ್ಟವಳಲ್ಲ. ತನ್ನ ಕೆಲಸ ಮಾಡುತ್ತಿರುವ, ಸುಸ್ತಾದ, ಬುದ್ಧಿವಂತ ಹೆಂಗಸು. ಹೀಗೆ ವಾರಗಟ್ಟಲೆ ಒಂದು ಮಾತನ್ನು ನಮ್ಮ ತಲೆಗೆ ತುಂಬುತ್ತಾರೆ: ಇಲ್ಲಿ ನಿಜ ಅನ್ನುವುದು ನಿಧಾನವಾಗಿ, ಪ್ರಶ್ನೆಗೆ ಉತ್ತರ ಪೋಣಿಸಿಕೊಂಡೇ ಹೊರಗೆ ಬರುವುದು, ಕಾದು ನೋಡಿ. ನಾವು ಕಾದೆವು. ಜ್ಯೂರಿ ಒಳಗೆ ಹೋಯಿತು, ಹೊರಗೆ ಬಂತು. ನೀಲ್ ಅವೆಡಾನ್ ತಪ್ಪಿತಸ್ಥ ಅಂದಿತು.

ನಮ್ಮ ರೂಮಿನಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಹಾಫ್‌ಮನ್ ಸೋತಿದ್ದ. ಎಷ್ಟು ಚೆನ್ನಾಗಿ ವಾದಿಸಿದರೂ ಸೋಲಬಹುದು ಅನ್ನುವುದನ್ನು ಟಿವಿಯ ಕೋರ್ಟಿನಲ್ಲಿ ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಆಮೇಲೆ ಕಥೆ ಒಂದು ವಿಡಿಯೋ ಟೇಪು ತಂದಿತು. ಕೊಲೆ ನಡೆದದ್ದು ಅದರಲ್ಲಿ ರೆಕಾರ್ಡ್ ಆಗಿತ್ತು. ಮಾಡಿದವನು ಕ್ರಾಸ್‌ನ ಬಳಗದವನೇ ಆದ ಬೇರೊಬ್ಬ. ಟೇಪು ನೋಡಿದರು, ನೀಲ್ ಬಿಡುಗಡೆಯಾದ. ದಾವಣಗೆರೆಯವನು ರಿಮೋಟ್ ಹಾಸಿಗೆ ಮೇಲೆ ಎಸೆದು ಕೇಳಿದ, "ಹಂಗಾದ್ರೆ ಇಷ್ಟು ದಿನ ಆ ಲಾಯರು ಏನ್ ಕಿಸಿದ್ನಲೇ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. 1957ರಿಂದ 1966ರವರೆಗೆ ಬಂದ 'ಪೆರಿ ಮೇಸನ್' ನೆನಪಿಸಿಕೊಳ್ಳಿ. 271 ಕಂತುಗಳಲ್ಲಿ ಬಹುಪಾಲು ಒಂದೇ ಥರ ಮುಗಿಯುತ್ತವೆ. ಮೇಸನ್ ಕೇಳುವ ಪ್ರಶ್ನೆಗಳ ಏಟಿಗೆ ನಿಜವಾದ ಕೊಲೆಗಾರ ಕೋರ್ಟಿನಲ್ಲೇ ಎಲ್ಲರೆದುರು ಒಪ್ಪಿಕೊಂಡುಬಿಡುತ್ತಾನೆ. ಯಾವ ಕೋರ್ಟಿನಲ್ಲಿ ಹಾಗೆ ಆಗುತ್ತದೆ ಹೇಳಿ? ನಮ್ಮ ತಾಲ್ಲೂಕು ಕೋರ್ಟಿನಲ್ಲಂತೂ ಬಾವಿ ತೋಡಿದ ವರ್ಷವನ್ನೇ ಯಾರೂ ಒಪ್ಪಿಕೊಳ್ಳುತ್ತಿರಲಿಲ್ಲ. ಆದರೂ ಆ ಸುಳ್ಳು ಕಥೆಯಲ್ಲಿ ಒಂದು ನಿಯತ್ತು ಇದೆ. ಕಟಕಟೆಯಲ್ಲಿ ಶುರುವಾದದ್ದು ಕಟಕಟೆಯಲ್ಲೇ ಮುಗಿಯುತ್ತದೆ. ಪಾಟೀಸವಾಲಿಗೆ ಶಕ್ತಿ ಇದೆ ಅಂತ ಬರೆದವರು ನಂಬಿದ್ದಾರೆ, ಆದ್ದರಿಂದ ನೋಡುವವರೂ ನಂಬುತ್ತಾರೆ. 'ಮರ್ಡರ್ ಒನ್' ಇದಕ್ಕಿಂತ ಹತ್ತು ಪಟ್ಟು ನಿಜವಾದ ಕೋರ್ಟನ್ನು ಕಟ್ಟಿ, ಕೊನೆಗೆ ನಿಜವನ್ನು ಹೊರಗಿಂದ ಕ್ಯಾಸೆಟ್ಟಿನಲ್ಲಿ ತರಿಸಿಕೊಂಡಿತು. ತಾನು ಕಟ್ಟಿದ ಕೋರ್ಟಿನ ಮೇಲೆ ತನಗೇ ನಂಬಿಕೆ ಇರಲಿಲ್ಲ. ಚಾನೆಲ್ ನೋಡುಗರನ್ನು ನಂಬಲಿಲ್ಲ ಅಂತ ಬೈಯುವ ಅಭಿಮಾನಿಗಳು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 23 ವಾರ ಕೂತವರಿಗೆ, ನೀವು ನೋಡಿದ ಪ್ರಶ್ನೋತ್ತರ ಯಾವುದೂ ಮುಖ್ಯವಾಗಿರಲಿಲ್ಲ ಅಂತ ಹೇಳಿ ಕಳಿಸಿದರೆ, ಅವರು ಮುಂದಿನ ಸೀಸನ್ನಿಗೆ ಯಾಕೆ ವಾಪಸ್ ಬರುತ್ತಾರೆ? ಬಂದರೂ ಅಲ್ಲಿ ಹಾಫ್‌ಮನ್ ಇಲ್ಲ, ಬೇರೆ ಯಾರೋ ಕೂತಿದ್ದಾರೆ.

ಯಾಕೆ ಹಾಗೆ ಬರೆದರು ಅನ್ನುವುದು ಊಹಿಸಲು ಕಷ್ಟವೇನಲ್ಲ. ಸೀಸನ್ನಿನ ಕೊನೆಗೆ, ಅಷ್ಟು ಕಡಿಮೆ ಜನ ಉಳಿದಿದ್ದಾಗ, ಏನೂ ಮಾಡದ ಹುಡುಗನನ್ನು ಜೈಲಿಗೆ ಕಳಿಸಿ ಪರದೆ ಎಳೆಯಲು ಯಾವ ಚಾನೆಲ್ಲೂ ಒಪ್ಪುವುದಿಲ್ಲ. ಕೊಲೆಗಾರ ಯಾರು ಅಂತ ತಿಳಿಯಲು ಕಾದವರಿಗೆ ಹೆಸರು ಹೇಳಲೇಬೇಕಿತ್ತು. ಆದರೂ ನನಗೆ ಅನ್ನಿಸುವುದು, ಜ್ಯೂರಿ ತಪ್ಪಿತಸ್ಥ ಅಂದ ಕಡೆಗೇ ಮೊದಲ ಸೀಸನ್ ನಿಲ್ಲಬೇಕಿತ್ತು. ಟೇಪು ಬೇಕಾಗಿಯೇ ಇರಲಿಲ್ಲ, ನಾಯಕನನ್ನು ಬದಲಾಯಿಸುವುದೂ ಬೇಕಿರಲಿಲ್ಲ, ಗವರ್ನರನನ್ನು ಕೊಲ್ಲಿಸುವುದಂತೂ ಬೇಡವೇ ಬೇಡ. ಎರಡನೇ ಸೀಸನ್ನಿಗೆ ಹಾಫ್‌ಮನ್ ಮಾಡಬೇಕಾದ ಕೆಲಸ ಅಲ್ಲೇ ಬಿದ್ದಿತ್ತು. ಮೇಲ್ಮನವಿ ಹಾಕುವುದು.